ಬ್ಯಾಟರಿ ಯಾರ ಲೆಕ್ಕಕ್ಕೆ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನಿರ್ವಹಣಾ ಸಮಿತಿಗಳಲ್ಲಿ ಹುಲ್ಲುಹಾಸಿನ ಮಾತು ಬರುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಒಂದು, ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ. ಇನ್ನೊಂದು, ಬೆಳಗಿನ ಹೊತ್ತು ಮಷೀನಿನ ಸದ್ದಿಗೆ ಯಾರದೋ ಮಗು ಎದ್ದು ಅತ್ತಾಗ. ಎರಡನೆಯ ದೂರಿಗೆ ಈಚೆಗೆ ಒಂದು ಉತ್ತರ ಸಿದ್ಧವಾಗಿದೆ: ಪೆಟ್ರೋಲ್ ಮಷೀನು ಬೇಡ, ಬ್ಯಾಟರಿಯದು ತರಿಸೋಣ. ಉತ್ತರ ಸರಿಯಾದದ್ದೇ. ಆದರೆ ಅದನ್ನು ಹೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂತವರ ಕಿವಿ. ಅದೇ ಯಂತ್ರವನ್ನು ದಿನಕ್ಕೆ ನಾಲ್ಕೈದು ತಾಸು ಹಿಡಿದು ನಡೆಯುವ ಮಾಲಿಯ ಕಿವಿ, ಬೆರಳು, ಶ್ವಾಸಕೋಶಗಳ ಮಾತು ಸಭೆಯಲ್ಲಿ ಏಳುವುದಿಲ್ಲ. ಬ್ಯಾಟರಿ ಯಂತ್ರದ ಪರವಾಗಿರುವ ಅತ್ಯಂತ ಗಟ್ಟಿಯಾದ ವಾದ ಅಲ್ಲಿದೆ ಎಂದು ನಾನು ನಂಬಿದ್ದೇನೆ. ಆ ಬ್ಯಾಟರಿಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಉತ್ತರ ಹುಟ್ಟುವುದೂ ಅಲ್ಲಿಂದಲೇ.

ಹುಲ್ಲು ಕತ್ತರಿಸುವ ಯಂತ್ರದ ಕಥೆ ಸುಮಾರು ಇನ್ನೂರು ವರ್ಷಗಳದ್ದು. 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ ಎಂಬಾತ ಅದಕ್ಕೆ ಪೇಟೆಂಟ್ ಪಡೆದ. ಉಣ್ಣೆಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸಮನಾಗಿ ಸವರುವ ಗಿರಣಿಯ ಯಂತ್ರ ನೋಡಿ, ಅಂಥದೇ ಉರುಳುವ ಅಲಗುಗಳಿಂದ ಹುಲ್ಲನ್ನೂ ಸವರಬಹುದೆಂದು ಅವನಿಗೆ ಹೊಳೆದಿತ್ತು. ಅದಕ್ಕೆ ಮೊದಲು ದೊಡ್ಡ ಬಂಗಲೆಗಳ ಹುಲ್ಲುಹಾಸು ಸಮವಾಗಿರಬೇಕಾದರೆ ಉದ್ದ ಹಿಡಿಯ ಕುಡುಗೋಲು ಬೀಸುವ ಆಳುಗಳ ತಂಡವೇ ಬೇಕಿತ್ತು. ಕೈಯಿಂದ ತಳ್ಳುವ ಆ ಯಂತ್ರಕ್ಕೆ ಮುಂದೆ ಎಂಜಿನ್ ಬಂತು. ಬ್ರಿಟಿಷರ ಬಂಗಲೆ, ದಂಡು ಪ್ರದೇಶ, 1870ರ ಕಬ್ಬನ್ ಪಾರ್ಕು ಇವುಗಳೊಂದಿಗೆ ಹುಲ್ಲುಹಾಸೆಂಬ ಕಲ್ಪನೆ ನಮ್ಮ ಊರುಗಳಲ್ಲಿ ಬೇರೂರಿತು. ಈಗ ಬೆಂಗಳೂರಿನಲ್ಲಿ ಪಾಲಿಕೆಗಳ ಉದ್ಯಾನಗಳೇ ಸಾವಿರಕ್ಕೂ ಹೆಚ್ಚು. ಅವುಗಳ ಜೊತೆಗೆ ಟೆಕ್ ಪಾರ್ಕುಗಳು, ಕಾಲೇಜುಗಳು, ವಿಲ್ಲಾ ಬಡಾವಣೆಗಳು, ಮದುವೆ ಮನೆಗಳ ಅಂಗಳಗಳು. ಇಷ್ಟೂ ಹುಲ್ಲನ್ನು ಕತ್ತರಿಸುವ ಕೆಲಸ ಬಹುಪಾಲು ಗುತ್ತಿಗೆಯಲ್ಲಿ ನಡೆಯುತ್ತದೆ. ಯಂತ್ರ ಗುತ್ತಿಗೆದಾರರದು, ಅದನ್ನು ಹಿಡಿದು ದುಡಿಯುವವರು ಕೂಲಿಯವರು.

ಅವರ ಕೈಯಲ್ಲಿರುವ ಎಂಜಿನ್ ಎಂಥದೆಂದು ಸ್ವಲ್ಪ ನೋಡಬೇಕು. ತಳ್ಳಿಕೊಂಡು ಹೋಗುವ ಲಾನ್ ಮೂವರುಗಳಲ್ಲಿ ಹೆಚ್ಚಿನವು ಫೋರ್ ಸ್ಟ್ರೋಕ್. ಹೆಗಲಿಗೆ ಹಾಕಿಕೊಂಡು ಬದು, ಇಳಿಜಾರು, ಗಿಡದ ಬುಡ ಸವರುವ ಬ್ರಷ್ ಕಟ್ಟರುಗಳಲ್ಲಿ ಹಲವು ಇಂದಿಗೂ ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಈ ಎಂಜಿನ್ನಿನ ರಚನೆ ಬಹಳ ಸರಳ. ಅದರ ದೋಷವೂ ಆ ಸರಳತೆಯಿಂದಲೇ ಬಂದದ್ದು. ಹೊಗೆ ಹೊರಹೋಗುವ ಕಿಂಡಿ ಮತ್ತು ಹೊಸ ಇಂಧನ ಒಳಬರುವ ಕಿಂಡಿ ಎರಡೂ ಕೊಂಚ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಒಳಬಂದ ಪೆಟ್ರೋಲಿನಲ್ಲಿ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಉರಿಯದೆ ಹಾಗೇ ಹೊಗೆಯ ಜೊತೆ ಹೊರಬೀಳುತ್ತದೆ. ಕಾರಿನ ಹೊಗೆಕೊಳವೆಯಲ್ಲಿ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ. ಈ ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಾರಿನ ಹೊಗೆ ಹಿಂದೆ ರಸ್ತೆಗೆ ಹೋದರೆ, ಇದರದು ಹಿಡಿದವರ ಮೈ ಪಕ್ಕದಲ್ಲೇ ಬರುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಕ್ಯಾನ್ಸರ್ ತರಬಲ್ಲ ಬೆಂಜೀನ್ ಇದೆ.

ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಮಾಡಿದ ಹೋಲಿಕೆಯೊಂದು ಈ ಹೊಗೆಯ ಪ್ರಮಾಣವನ್ನು ಮನಗಾಣಿಸುತ್ತದೆ. ವೃತ್ತಿಪರರು ಬಳಸುವ ಪೆಟ್ರೋಲ್ ಮೂವರ್ ಒಂದು ಗಂಟೆ ಓಡಿದರೆ, ಹೊಂಜಿಗೆ ಕಾರಣವಾಗುವ ಮಾಲಿನ್ಯ ಅದರಿಂದ ಎಷ್ಟು ಹುಟ್ಟುತ್ತದೆಯೋ ಅಷ್ಟನ್ನು ಹೊಮ್ಮಿಸಲು 2017ರ ಟೊಯೋಟಾ ಕ್ಯಾಮ್ರಿ ಕಾರು ಸುಮಾರು 300 ಮೈಲಿ, ಅಂದರೆ 480 ಕಿಲೋಮೀಟರ್ ಓಡಬೇಕು. ಒಣಎಲೆಗಳನ್ನು ಗಾಳಿಯಿಂದ ದೂಡುವ ಲೀಫ್ ಬ್ಲೋವರ್ ಆದರೆ 1,100 ಮೈಲಿ. ಇದು ಕಾರ್ಬನ್ ಡೈಆಕ್ಸೈಡಿನ ಲೆಕ್ಕವಲ್ಲ, ಉಸಿರಾಟಕ್ಕೆ ತೊಂದರೆ ಕೊಡುವ ಮಾಲಿನ್ಯದ ಲೆಕ್ಕ ಎಂಬುದನ್ನು ಗಮನಿಸಬೇಕು. ಹವಾಮಾನ ಬದಲಾವಣೆಯ ಹೆಸರಿನಲ್ಲಿ ಬ್ಯಾಟರಿ ಮೂವರನ್ನು ಹೊಗಳುವವರು ಈ ವ್ಯತ್ಯಾಸವನ್ನು ಮರೆಸಿಬಿಡುತ್ತಾರೆ. ಒಂದು ನಗರದ ಎಲ್ಲ ಹುಲ್ಲು ಯಂತ್ರಗಳು ಸುಡುವ ಪೆಟ್ರೋಲು ಅದರ ಬೈಕುಗಳು ಸುಡುವ ಪೆಟ್ರೋಲಿನ ಮುಂದೆ ಅತ್ಯಲ್ಪ. ಈ ಯಂತ್ರದಿಂದ ಆಗುವ ಕೆಡುಕು ಭೂಗೋಳದ ಮೇಲೆ ಹರಡಿಹೋಗುವಂಥದ್ದಲ್ಲ. ಒಬ್ಬರ ಮೂಗಿನಿಂದ ಎರಡು ಅಡಿ ದೂರದಲ್ಲಿ ಆಗುತ್ತದೆ.

ಸದ್ದಿನದೂ ಇದೇ ಕಥೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ದಿನಕ್ಕೆ 8 ಗಂಟೆ ಕೇಳಿಸಿಕೊಳ್ಳಬಹುದಾದ ಸದ್ದು 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ, 100ಕ್ಕೆ ಹದಿನೈದು ನಿಮಿಷ. ಪೆಟ್ರೋಲ್ ಮೂವರು ತಳ್ಳುವವರ ಕಿವಿಯ ಬಳಿ ಸದ್ದು 90ರ ಆಸುಪಾಸಿನಲ್ಲಿರುತ್ತದೆ. ಬ್ರಷ್ ಕಟ್ಟರ್ ಅದನ್ನೂ ಮೀರುತ್ತದೆ. ಹೀಗಿರುವಾಗ ಬೆಳಗಿನ ಅರ್ಧ ಪಾಳಿ ಮುಗಿಯುವ ಹೊತ್ತಿಗೆ ಆ ದಿನದ ಮಿತಿ ತೀರಿಹೋಗಿರುತ್ತದೆ. ಬ್ಯಾಟರಿ ಯಂತ್ರಕ್ಕೂ ಸದ್ದಿದೆ, ಅಲಗು ಗಾಳಿಯನ್ನು ಸೀಳುವ ಸದ್ದನ್ನು ಯಾವ ಮೋಟಾರೂ ತಪ್ಪಿಸಲಾರದು. ಆದರೂ ಎಂಜಿನ್ನಿನ ಅಬ್ಬರ ಹೋದಾಗ ಹತ್ತು ಡೆಸಿಬೆಲ್ ಕಡಿಮೆಯಾದರೂ ಸಾಕು, ಮೇಲಿನ ಲೆಕ್ಕದಲ್ಲಿ ಅರ್ಧ ಗಂಟೆಯ ಅಪಾಯದ ಜಾಗದಲ್ಲಿ ನಾಲ್ಕೈದು ಗಂಟೆಯ ಸುರಕ್ಷಿತ ದುಡಿಮೆ ಸಿಗುತ್ತದೆ.

ನಮ್ಮ ಕಾನೂನು ಈ ವಿಷಯದಲ್ಲಿ ಯಾರನ್ನು ಕಾಯುತ್ತಿದೆ? 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಅದು ಸುತ್ತಲ ನಿವಾಸಿಗಳಿಗಾಗಿ ಇರುವ ಮಿತಿ. ಕಾರ್ಖಾನೆಯೊಳಗೆ ದುಡಿಯುವವರಿಗೆ 8 ಗಂಟೆಗೆ 90 ಡೆಸಿಬೆಲ್ ಎಂಬ ಮಿತಿ ಇದೆ. ಉದ್ಯಾನ ಕಾರ್ಖಾನೆಯಲ್ಲ. ಹಾಗಾಗಿ ಬಾಲ್ಕನಿಯವರಿಗೆ ಒಂದು ನಿಯಮ, ಲೇತ್ ಮಷೀನಿನವರಿಗೆ ಒಂದು ನಿಯಮ, ಮಾಲಿಗೆ ಯಾವುದೂ ಇಲ್ಲ. ಕಿವಿಗೆ ಪ್ಲಗ್ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ಕೊಡಲಿ, ಕೊಡುವುದು ಕರ್ತವ್ಯ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಬೆವರಿಳಿಯುವಾಗ ಅದನ್ನು ಪಾಳಿಯುದ್ದಕ್ಕೂ ಇಟ್ಟುಕೊಳ್ಳುವುದು ಕಷ್ಟ. ಹಿಂದಿನಿಂದ ಬರುವ ಗಾಡಿಯ ಹಾರ್ನ್ ಕೇಳದೆ ಹೋಗುವ ಅಪಾಯ ಬೇರೆ.

ಇನ್ನು ಕೈ. ಕಂಪಿಸುವ ಉಪಕರಣವನ್ನು ವರ್ಷಗಟ್ಟಲೆ ಹಿಡಿದವರ ಬೆರಳುಗಳಿಗೆ ಏನಾಗುತ್ತದೆಂದು 1918ರಲ್ಲೇ ಡಾ. ಆಲಿಸ್ ಹ್ಯಾಮಿಲ್ಟನ್ ಅಮೆರಿಕದ ಇಂಡಿಯಾನಾ ರಾಜ್ಯದ ಕಲ್ಲುಕುಟಿಗರಲ್ಲಿ ಕಂಡು ಬರೆದಿಟ್ಟರು. ರಕ್ತನಾಳಗಳು ಕುಗ್ಗಿ ಬೆರಳು ಬಿಳಿಚುತ್ತದೆ, ನರಗಳು ಸೋತು ಜೋಮು ಹಿಡಿಯುತ್ತದೆ, ಕೊನೆಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗುತ್ತದೆ. ನಮ್ಮಂಥ ಬೆಚ್ಚನೆಯ ನಾಡಿನಲ್ಲಿ ಬೆರಳು ಬಿಳಿಚುವುದು ಕಡಿಮೆ. ಜೋಮು ಮತ್ತು ಹಿಡಿತ ತಪ್ಪುವುದು ಕಡಿಮೆಯಲ್ಲ. ಬಿಳಿಚದೆ ಇರುವುದರಿಂದ ರೋಗ ಕಣ್ಣಿಗೆ ಬೀಳುವುದಿಲ್ಲ, ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಯುರೋಪಿನ ಒಕ್ಕೂಟ 2002ರ ತನ್ನ ನಿರ್ದೇಶನದಲ್ಲಿ ಎಂಟು ಗಂಟೆಯ ದುಡಿಮೆಗೆ ಕಂಪನದ ಮಿತಿಯನ್ನು ನಿಗದಿ ಮಾಡಿದೆ: 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5 ದಾಟುವಂತೆಯೇ ಇಲ್ಲ. ಮೇಲೆ ಕೆಳಗೆ ಬಡಿಯುವ ಪಿಸ್ಟನ್ ಇರುವ ಎಂಜಿನ್ನಿಗೂ ಸುಮ್ಮನೆ ಸುತ್ತುವ ಮೋಟಾರಿಗೂ ಇರುವ ಅಂತರ ಇಲ್ಲಿ ಕೈಗೆ ನೇರವಾಗಿ ತಿಳಿಯುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ಮಾತು ಹೇಳಬೇಕು. ನಮ್ಮ ಉದ್ಯಾನಗಳಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಳೆ ಕೀಳುವವರು, ಕಸ ಗುಡಿಸುವವರು ಹೆಚ್ಚಾಗಿ ಹೆಂಗಸರು. ಮಷೀನು ಹಿಡಿಯುವವರು ಹೆಚ್ಚಾಗಿ ಗಂಡಸರು. ಮಷೀನಿನ ಕೆಲಸಕ್ಕೆ ಕೂಲಿ ಒಂದಿಷ್ಟು ಹೆಚ್ಚು, ಮರ್ಯಾದೆಯೂ ಹೆಚ್ಚು. ಹಗ್ಗ ಜಗ್ಗಿ ಜಗ್ಗಿ ಎಂಜಿನ್ ಎಬ್ಬಿಸುವುದು, ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ಪ್ಲಗ್ ತಿಕ್ಕುವುದು ಇವೆಲ್ಲ ಗಂಡಸರ ಕೆಲಸವೆಂದು ರೂಢಿಯಾಗಿಬಿಟ್ಟಿದೆ. ಗುಂಡಿ ಒತ್ತಿದರೆ ಸುತ್ತುವ ಯಂತ್ರದಲ್ಲಿ ಆ ನೆಪಕ್ಕೆ ಜಾಗವಿಲ್ಲ. ತರಬೇತಿ ಕೊಟ್ಟು ಹೆಂಗಸರ ಕೈಗೂ ಯಂತ್ರ ಕೊಟ್ಟರೆ ಅವರ ಮಂಡಿಗೆ ಬಿಡುವು, ಸಂಬಳಕ್ಕೆ ಬಡ್ತಿ. ಈ ಲಾಭವನ್ನು ಯಾವ ಕಂಪನಿಯ ಜಾಹೀರಾತೂ ಹೇಳುವುದನ್ನು ನಾನು ಕಂಡಿಲ್ಲ.

ಹಾಗಾದರೆ ಬ್ಯಾಟರಿಯಿಂದ ಇಡೀ ದಿನದ ಕೆಲಸ ನಡೆಯುತ್ತದೆಯೇ? ಮನೆಯಂಗಳದ ಹತ್ತು ನಿಮಿಷದ ಕೆಲಸವಾದರೆ ಯಾರೂ ಕೇಳಬೇಕಿಲ್ಲ. ವೃತ್ತಿಯಾಗಿ ಮಾಡುವವರಿಗೆ ಇದೇ ಮೊದಲ ಪ್ರಶ್ನೆ, ಮತ್ತು ಇದಕ್ಕೆ ಅಂಕಿಗಳಲ್ಲೇ ಉತ್ತರ ಕೊಡಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಇದೆ. ಸಣ್ಣ ಎಂಜಿನ್ ಅದರಲ್ಲಿ ಐದನೇ ಒಂದು ಭಾಗವನ್ನಷ್ಟೇ ಅಲಗಿಗೆ ತಲುಪಿಸುತ್ತದೆ ಎಂದಿಟ್ಟುಕೊಂಡರೂ ಒಂದೂ ಮುಕ್ಕಾಲು ಯೂನಿಟ್ಟಿನಷ್ಟಾಯಿತು. 56 ವೋಲ್ಟ್, 5 ಆಂಪಿಯರ್ ಅವರ್‌ನ ಬ್ಯಾಟರಿಯಲ್ಲಿ ಇರುವುದು 280 ವ್ಯಾಟ್ ಅವರ್, ಕಾಲು ಯೂನಿಟ್ಟಿಗಿಂತ ಒಂಚೂರು ಹೆಚ್ಚು. ಒಂದು ಲೀಟರ್ ಪೆಟ್ರೋಲಿಗೆ ಅಂಥ ಆರೇಳು ಬ್ಯಾಟರಿ ಸಮ. ಎಂಜಿನ್ ನಿಂತಲ್ಲೂ ಉರಿಯುತ್ತಿರುತ್ತದೆ, ಮೋಟಾರು ಬೇಕಾದಾಗ ಬೇಕಾದಷ್ಟನ್ನೇ ಎಳೆಯುತ್ತದೆ. ಆದ್ದರಿಂದ ನಿಜದಲ್ಲಿ ಅಂತರ ಇಷ್ಟು ದೊಡ್ಡದಾಗಿರುವುದಿಲ್ಲ. ಆದರೂ ಅಂತರ ಇದೆ.

ಅರ್ಧ ಮೀಟರ್ ಅಗಲದ ಮೂವರು ಹಿಡಿದು ಗಂಟೆಗೆ ಮೂರೂವರೆ ಕಿಲೋಮೀಟರ್ ವೇಗದಲ್ಲಿ ನಡೆದರೆ, ತಿರುವುಗಳೂ ಪಟ್ಟಿ ಮೇಲೆ ಪಟ್ಟಿ ಹಾಯಿಸುವುದೂ ಕಳೆದು, ಗಂಟೆಗೆ ಸುಮಾರು 1,200 ಚದರ ಮೀಟರ್ ಆಗುತ್ತದೆ. ಒಂದು ಎಕರೆಗೆ ಮೂರೂವರೆ ಗಂಟೆ. ಹುಲ್ಲು ಎಷ್ಟು ದಟ್ಟ ಎನ್ನುವುದರ ಮೇಲೆ ಎರಡರಿಂದ ಮೂರೂವರೆ ಯೂನಿಟ್ ಬೇಕು. 10 ಆಂಪಿಯರ್ ಅವರ್‌ನ ದೊಡ್ಡ ಬ್ಯಾಟರಿ ನಾಲ್ಕು, ಒಂದು ಗಂಟೆಯಲ್ಲಿ ತುಂಬಿಸುವ ಚಾರ್ಜರ್ ಎರಡು ಇದ್ದರೆ, ಒಂದು ಓಡುವಾಗ ಇನ್ನೊಂದು ತಣಿಯುತ್ತ, ಮತ್ತೆರಡು ತುಂಬುತ್ತ ಕೆಲಸ ಸಾಗುತ್ತದೆ. ತಣಿಯುವುದು ಎಂದೆ. ಈಗಷ್ಟೇ ಖಾಲಿಯಾದ ಬ್ಯಾಟರಿ ಬಿಸಿಯಾಗಿರುತ್ತದೆ. 45 ಡಿಗ್ರಿ ಸೆಲ್ಸಿಯಸ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ ಚಾರ್ಜ್ ಮಾಡಬಾರದು, ಒಳ್ಳೆಯ ಚಾರ್ಜರ್ ಮಾಡುವುದೂ ಇಲ್ಲ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಇದು ದೊಡ್ಡ ತೊಡಕಲ್ಲ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ನೆರಳೇ 42 ಡಿಗ್ರಿ ಇರುವಾಗ ಬೆಳಗಿನ ಜಾವ ಕತ್ತರಿಸಿ, ತಂಪಾದ ಕೋಣೆಯಲ್ಲಿ ಚಾರ್ಜಿಗಿಟ್ಟು, ಸಂಜೆ ಮತ್ತೆ ಶುರು ಮಾಡುವ ಪಾಳಿ ಬೇಕಾಗುತ್ತದೆ. ಬಿಸಿಲಿನಲ್ಲಿ ದುಡಿಯುವವರಿಗೂ ಅದೇ ಪಾಳಿ ಒಳ್ಳೆಯದು.

ಮಳೆಗಾಲದಲ್ಲಿ ಒದ್ದೆ ಹುಲ್ಲು ಬ್ಯಾಟರಿಯನ್ನು ಬೇಗ ಹೀರುತ್ತದೆ. ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಮ್ಮೆಗೆ ಕತ್ತರಿಸಬಾರದು ಎಂಬ ಹಳೆಯ ನಿಯಮ ಹುಲ್ಲಿನ ಆರೋಗ್ಯಕ್ಕಾಗಿ ಹುಟ್ಟಿದ್ದು, ಬ್ಯಾಟರಿಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಮೂರು ವಾರ ಬಿಟ್ಟು ಮೊಣಕಾಲೆತ್ತರ ಬೆಳೆದ ಮೇಲೆ ಕರೆದರೆ ಯಾವ ಬ್ಯಾಟರಿಯೂ ಬೆವರುತ್ತದೆ. ವಾರಕ್ಕೊಮ್ಮೆ ಕತ್ತರಿಸುವ ಶಿಸ್ತಿರುವ ಕಡೆ ಬ್ಯಾಟರಿ ಗೆಲ್ಲುತ್ತದೆ. ಮಲೆನಾಡಿನ, ಕರಾವಳಿಯ ಅಡಿಕೆ ತೋಟಗಳಲ್ಲಿ ಶ್ರಾವಣದ ಮಳೆಗೆ ಎದ್ದ ಕಳೆಯನ್ನು ದಿನವಿಡೀ ಹೊಡೆಯುವವರ ಮುಂದೆ ಇದೇ ಮಾತು ಹೇಳಲಾರೆ. ಅಲ್ಲಿ ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಮಳೆಗಾಲದಲ್ಲಿ ಕರೆಂಟೂ ನೆಚ್ಚುವಂತಿಲ್ಲ, ಕಳೆ ಹುಲ್ಲುಹಾಸಿನಂತೆ ಮೃದುವೂ ಅಲ್ಲ. ಅಲ್ಲಿಗೆ ಸದ್ಯಕ್ಕೆ ಪೆಟ್ರೋಲ್ ಯಂತ್ರವೇ ಸರಿ. ಒಳ್ಳೆಯ ಫೋರ್ ಸ್ಟ್ರೋಕ್, ಕಂಪನ ತಡೆಯುವ ಹಿಡಿ, ಕಿವಿಗೆ ರಕ್ಷಣೆ ಇರಲಿ.

ದುಡ್ಡಿನ ಲೆಕ್ಕವನ್ನೂ ಪ್ರಾಮಾಣಿಕವಾಗಿ ಮಾಡೋಣ. ಬೆಂಗಳೂರಿನಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದೆ. ಗಂಟೆಗೆ ಮುಕ್ಕಾಲು ಲೀಟರಿನಂತೆ ಒಂದು ಎಕರೆಗೆ 260 ರೂಪಾಯಿಯ ಪೆಟ್ರೋಲು ಬೇಕು. ಅದೇ ಕೆಲಸಕ್ಕೆ ವಿದ್ಯುತ್ತು, ಚಾರ್ಜಿಂಗಿನಲ್ಲಿ ಪೋಲಾಗುವುದನ್ನೂ ಸೇರಿಸಿ, ಮೂವತ್ತು ರೂಪಾಯಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದಂತೆ ಹದಿನೈದು ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ ಮೂವತ್ತೈದು ಸಲ. ಎಕರೆಗೆ ವರ್ಷದ ಉಳಿತಾಯ ಎಂಟು ಸಾವಿರ ರೂಪಾಯಿಯ ಸುತ್ತಮುತ್ತ, ಆಯಿಲು, ಫಿಲ್ಟರು, ರಿಪೇರಿ ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಹತ್ತು ಎಕರೆ ಹುಲ್ಲುಹಾಸಿರುವ ಕ್ಯಾಂಪಸ್ಸಿಗೆ ಇದು ಒಳ್ಳೆಯ ಮೊತ್ತ. ಕಾಲು ಎಕರೆಯ ಅಪಾರ್ಟ್‌ಮೆಂಟಿಗೆ ವರ್ಷಕ್ಕೆ ಎರಡು ಸಾವಿರ, ಅಷ್ಟರಿಂದ ಬ್ಯಾಟರಿಯ ಬೆಲೆ ಹುಟ್ಟುವುದಿಲ್ಲ. ವೃತ್ತಿಪರ ದರ್ಜೆಯ ಸೆಟ್ಟಿನಲ್ಲಿ ಯಂತ್ರಕ್ಕಿಂತ ಬ್ಯಾಟರಿ, ಚಾರ್ಜರುಗಳ ಬೆಲೆಯೇ ಹೆಚ್ಚಾಗುವುದುಂಟು. ದಿನವೂ ದುಡಿಯುವ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೊರಗುತ್ತದೆ. ಹಣ ಉಳಿಯುತ್ತದೆಂದು ಹೇಳಿ ಬ್ಯಾಟರಿ ಯಂತ್ರ ಕೊಳ್ಳಿಸುವವರು ಸಣ್ಣ ತೋಟಗಳ ಮಟ್ಟಿಗೆ ಅರ್ಧಸತ್ಯ ಹೇಳುತ್ತಿದ್ದಾರೆ. ಹೆಚ್ಚಿನ ಖರ್ಚು ಇದೆ, ಅದು ಒಬ್ಬ ಮನುಷ್ಯನ ಕಿವಿ ಮತ್ತು ಕೈಗಾಗಿ ಕೊಡುವ ಖರ್ಚು ಎಂದು ನೇರವಾಗಿ ಹೇಳುವುದು ಲೇಸು.

ಈ ಖರ್ಚು ಈಗ ಯಾರ ತಲೆಗೆ ಬೀಳುತ್ತಿದೆ ಎಂಬುದೇ ನನ್ನ ತಕರಾರು. ಬಡಾವಣೆಗಳಲ್ಲಿ ಸ್ಕೂಟರಿನ ಮುಂದೆ ಮಷೀನು ಇಟ್ಟುಕೊಂಡು ಮನೆಯಿಂದ ಮನೆಗೆ ಹೋಗಿ ಹುಲ್ಲು ಕತ್ತರಿಸುವವರನ್ನು ನೋಡಿರುತ್ತೀರಿ. ಇವರು ಯಾರ ನೌಕರರೂ ಅಲ್ಲ, ಯಂತ್ರ ಅವರ ಸ್ವಂತದ್ದು, ಬಹುಶಃ ಸಾಲದ್ದು. ಎರಡು ಲೀಟರ್ ಪೆಟ್ರೋಲಿನ ಕ್ಯಾನು ಒಂದೂವರೆ ಕಿಲೋ ತೂಗುತ್ತದೆ, ಇಡೀ ದಿನಕ್ಕೆ ಹೆಚ್ಚುಕಡಿಮೆ ಸಾಕು. ಅಷ್ಟೇ ಕೆಲಸಕ್ಕೆ ಬೇಕಾದ ನಾಲ್ಕು ದೊಡ್ಡ ಬ್ಯಾಟರಿಗಳು ಹತ್ತು ಹನ್ನೆರಡು ಕಿಲೋ. ಮಧ್ಯೆ ಚಾರ್ಜ್ ಮಾಡಲು ಮನೆಯವರನ್ನು ಕೇಳಬೇಕು, ಕೆಲವರು ಪ್ಲಗ್ ಕೊಡುವುದಿಲ್ಲ. ಇವರಿಗೆ ನಾಳೆಯಿಂದ ಪೆಟ್ರೋಲ್ ಮಷೀನು ನಮ್ಮ ಬಡಾವಣೆಗೆ ಬೇಡ ಎಂದು ಬೋರ್ಡು ಹಾಕಿಬಿಟ್ಟರೆ, ನಮ್ಮ ನೆಮ್ಮದಿಗೆ ಅವರ ಅನ್ನವನ್ನು ಬೆಲೆಯಾಗಿ ಕೊಟ್ಟಂತಾಗುತ್ತದೆ.

ಇದು ಊಹೆಯಲ್ಲ, ಲಾಸ್ ಏಂಜಲೀಸಿನಲ್ಲಿ ಆಗಿಹೋದ ಸಂಗತಿ. ಅಲ್ಲಿನ ನಗರಾಡಳಿತ ಮನೆಗಳಿಂದ 500 ಅಡಿಯ ಒಳಗೆ ಪೆಟ್ರೋಲ್ ಲೀಫ್ ಬ್ಲೋವರ್ ಬಳಸಬಾರದೆಂದು ನಿಷೇಧ ತಂದಾಗ, ಬಹುತೇಕ ಲ್ಯಾಟಿನ್ ಅಮೆರಿಕ ಮೂಲದ ತೋಟದ ಕೆಲಸಗಾರರು 1998ರ ಜನವರಿಯಲ್ಲಿ ಸಿಟಿ ಹಾಲ್ ಮುಂದೆ ಉಪವಾಸ ಕೂತರು. ಗದ್ದಲ ಬೇಡವೆಂದು ಒತ್ತಾಯಿಸಿದವರು ಸಿರಿವಂತ ಬಡಾವಣೆಗಳವರು. ಪೊರಕೆ ಹಿಡಿದರೆ ಅಷ್ಟೇ ಕೂಲಿಗೆ ದುಪ್ಪಟ್ಟು ಹೊತ್ತು ದುಡಿಯಬೇಕಾದವರು ಈ ಕೆಲಸಗಾರರು. ಆಗ ಅಷ್ಟು ಬಲದ ಬ್ಯಾಟರಿ ಯಂತ್ರಗಳೂ ಇರಲಿಲ್ಲ. ನಿಷೇಧ ಕಾಗದದ ಮೇಲೆ ಉಳಿಯಿತು, ಬ್ಲೋವರುಗಳು ಬೀದಿಯಲ್ಲಿ ಉಳಿದವು.

ಕ್ಯಾಲಿಫೋರ್ನಿಯಾ ರಾಜ್ಯ 2021ರ ಅಕ್ಟೋಬರಿನಲ್ಲಿ ಮತ್ತೆ ಕಾನೂನು ಮಾಡಿದಾಗ ಸ್ವಲ್ಪ ಹೆಚ್ಚು ವಿವೇಕ ತೋರಿತು. ಎಬಿ 1346 ಎಂಬ ಆ ಮಸೂದೆ ಹೊಸ ಸಣ್ಣ ಪೆಟ್ರೋಲ್ ಎಂಜಿನ್‌ಗಳ ಮಾರಾಟವನ್ನು ಗುರಿಯಾಗಿಸಿತು. ಕೈಯಲ್ಲಿ ಈಗಾಗಲೇ ಇರುವ ಯಂತ್ರವನ್ನು ಬಳಸುವುದಕ್ಕೆ ಅಡ್ಡಿ ಮಾಡಲಿಲ್ಲ. ಜೊತೆಗೆ ಸಣ್ಣ ಗುತ್ತಿಗೆದಾರರು ಮತ್ತು ಒಬ್ಬಂಟಿ ಕೆಲಸಗಾರರು ಬ್ಯಾಟರಿ ಯಂತ್ರ ಕೊಳ್ಳುವಾಗ ಅಂಗಡಿಯಲ್ಲೇ ಬೆಲೆ ಇಳಿಸಿಕೊಡಲು 3 ಕೋಟಿ ಡಾಲರ್ ತೆಗೆದಿಟ್ಟಿತು. ಅಂಥ ಸಣ್ಣ ಉದ್ಯಮಗಳು ಸುಮಾರು 50,000 ಎಂಬುದು ಉದ್ಯಮದವರ ಅಂದಾಜು. ತಲೆಗೆ 600 ಡಾಲರ್ ಆಯಿತು. ವೃತ್ತಿಪರ ಯಂತ್ರ, ನಾಲ್ಕು ಬ್ಯಾಟರಿ, ಚಾರ್ಜರು ಸೇರಿದರೆ ಅದು ಎಲ್ಲಿಗೂ ಸಾಲದು. ದಾರಿ ಸರಿ, ಚೀಲ ಸಣ್ಣದು.

ನಮ್ಮಲ್ಲಿ ಅಷ್ಟೂ ಇಲ್ಲ. 2017ರಲ್ಲಿ ದೇಶಕ್ಕೇ ಮೊದಲಾಗಿ ವಿದ್ಯುತ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ. ಆದರೆ ವಾಹನ ಎಂದರೆ ರಸ್ತೆಯ ಮೇಲೆ ಓಡುವಂಥದ್ದು. 2024ರಲ್ಲಿ ಮುಗಿದ ಕೇಂದ್ರದ ಫೇಮ್ ಯೋಜನೆಯ ಸಹಾಯಧನವೂ ಸ್ಕೂಟರು, ಆಟೋ, ಬಸ್ಸುಗಳಂಥ ವಾಹನಗಳಿಗೇ ಇತ್ತು. ಆಫೀಸಿಗೆ ಹೋಗಲು ಸ್ಕೂಟರ್ ಕೊಂಡವರಿಗೆ ಸರ್ಕಾರ ನೆರವಾಗಿದೆ. ಅದೇ ಲಿಥಿಯಂ ಬ್ಯಾಟರಿಯನ್ನು ಹೊಟ್ಟೆಪಾಡಿನ ಯಂತ್ರಕ್ಕೆ ಕೊಳ್ಳುವ ಮಾಲಿ ಆ ಪಟ್ಟಿಯಲ್ಲಿ ಇಲ್ಲ. ಈ ತಾರತಮ್ಯ ಸರಿಪಡಿಸಲು ದೊಡ್ಡ ಬಜೆಟ್ ಬೇಕಿಲ್ಲ. ತೋಟಗಾರಿಕೆ ಇಲಾಖೆ ರೈತರಿಗೆ ಯಂತ್ರೋಪಕರಣಗಳ ಸಹಾಯಧನ ಕೊಡುತ್ತಲೇ ಬಂದಿದೆ. ನಗರದಲ್ಲಿ ತೋಟದ ಕೆಲಸವನ್ನೇ ನಂಬಿದವರಿಗೂ ಅಂಥದೊಂದು ಬಾಗಿಲು ತೆರೆಯಬಹುದು.

ಬ್ಯಾಟರಿಯ ಬಗ್ಗೆ ಎರಡು ಆಕ್ಷೇಪಗಳು ಯಾವಾಗಲೂ ಬರುತ್ತವೆ. ಕರೆಂಟು ಕಲ್ಲಿದ್ದಲಿನಿಂದ ಬರುವುದಲ್ಲವೇ ಎಂಬುದು ಮೊದಲನೆಯದು. ರಾಯಚೂರು, ಬಳ್ಳಾರಿಯ ಚಿಮಣಿಗಳು ನಿಜ. ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನ, ಶರಾವತಿಯ ಜಲವಿದ್ಯುತ್ತು, ಚಿತ್ರದುರ್ಗ, ಗದಗಿನ ಗಾಳಿಯಂತ್ರಗಳೂ ಅಷ್ಟೇ ನಿಜ. ಹಗಲು ಸೂರ್ಯನಿರುವಾಗ ಚಾರ್ಜ್ ಮಾಡುವ ಕೆಲಸ ಇದು. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಕಾಂಗೋದ ಕೋಬಾಲ್ಟ್ ಗಣಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಒಬ್ಬ ಕಾರ್ಮಿಕನ ಕಿವಿ ಉಳಿಸಲು ಇನ್ನೊಂದು ಖಂಡದ ಮಗುವಿನ ಬದುಕನ್ನು ಕೊಡಲಾಗದು. ಕೋಬಾಲ್ಟ್ ಇಲ್ಲದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಂಚ ಭಾರ, ಆದರೆ ಹೆಚ್ಚು ಬಾಳುತ್ತದೆ, ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. ನೆಲದ ಮೇಲೆ ಉರುಳುವ ಮೂವರಿಗೆ ಆ ಭಾರ ಅಡ್ಡಿಯಲ್ಲ. ಕೊಳ್ಳುವವರು ಅದನ್ನು ಕೇಳಲು ಶುರು ಮಾಡಬೇಕು.

ಸತ್ತ ಬ್ಯಾಟರಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಅದನ್ನು ಮಾರುಕಟ್ಟೆಗೆ ತಂದವರದು. ಆಚರಣೆಯಲ್ಲಿ ಅದು ಗುಜರಿ ಅಂಗಡಿಗೆ ಹೋಗಿ ಸುತ್ತಿಗೆಯ ಪೆಟ್ಟು ತಿನ್ನುವ ಸಂಭವ ಹೆಚ್ಚು, ಅಲ್ಲಿ ಬೆಂಕಿಯ ಅಪಾಯವಿದೆ. ಇನ್ನೊಂದು ತೊಂದರೆ, ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. ಮೂವರು, ಬ್ರಷ್ ಕಟ್ಟರು, ಬೇಲಿ ಸವರುವ ಕತ್ತರಿ ಎಲ್ಲವನ್ನೂ ಒಂದೇ ಕಂಪನಿಯಿಂದ ಕೊಳ್ಳುವ ಕಟ್ಟಿಗೆ ಮಾಲಿ ಸಿಲುಕುತ್ತಾರೆ. ಯುರೋಪಿನಲ್ಲಿ ಕೆಲವು ತಯಾರಕರು ಒಂದೇ ಬ್ಯಾಟರಿ ಹಲವು ಕಂಪನಿಗಳ ಯಂತ್ರಕ್ಕೆ ಹೊಂದುವಂತೆ ಕೂಟ ಕಟ್ಟಿಕೊಂಡಿದ್ದಾರೆ. ಭಾರತೀಯ ಮಾನಕ ಬ್ಯೂರೋ ಈ ದಿಕ್ಕಿನಲ್ಲಿ ಒಂದು ಮಾನದಂಡ ತಂದರೆ ಸಣ್ಣವರಿಗೆ ಆಗುವ ಉಪಕಾರ ದೊಡ್ಡದು.

ಇಷ್ಟು ಹೇಳಿದ ಮೇಲೆ ಹುಲ್ಲುಹಾಸನ್ನೇ ಪ್ರಶ್ನಿಸದೆ ಬಿಡುವುದು ಸರಿಯಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಆದೇಶ ಹೊರಡಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ಬೇಸಿಗೆಯಲ್ಲಿ ಅನೇಕ ಹುಲ್ಲುಹಾಸುಗಳು ಹಳದಿಯಾದವು. ಮಕ್ಕಳು ಆಡುವ, ಮುದುಕರು ಕೂರುವ ಹುಲ್ಲು ಇರಲಿ. ಯಾರೂ ಕಾಲಿಡದ, ನೋಟಕ್ಕೆಂದೇ ಇರುವ ಹುಲ್ಲಿನ ಜಾಗದಲ್ಲಿ ದಾಸವಾಳ, ಮಲ್ಲಿಗೆ, ಹೊಂಗೆಯ ನೆರಳು ಬರಲಿ. ಹುಲ್ಲು ಅರ್ಧವಾದರೆ ಬೇಕಾದ ಬ್ಯಾಟರಿಯೂ ಅರ್ಧ. ನೂರು ಇನ್ನೂರು ಚದರ ಮೀಟರಿನ ತುಂಡಿಗೆ ಬ್ಯಾಟರಿಯೂ ಬೇಕಿಲ್ಲ. ಬಡ್ಡಿಂಗ್ ಕಂಡುಹಿಡಿದ, ಕೈಯಿಂದ ತಳ್ಳುವ ಉರುಳೆ ಯಂತ್ರ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ, ಅಲಗು ಹರಿತವಿದ್ದರೆ ಗರಿಕೆಯನ್ನು ಅಂದವಾಗಿ ಸವರುತ್ತದೆ.

ಉಳಿದ ಹುಲ್ಲಿಗೆ ಬ್ಯಾಟರಿ ಬರಲಿ, ಮೊದಲು ಬರಬೇಕಾದದ್ದು ದೊಡ್ಡವರ ಅಂಗಳಕ್ಕೆ. ಟೆಕ್ ಪಾರ್ಕು, ವಿಶ್ವವಿದ್ಯಾಲಯ, ಪಾಲಿಕೆ, ಲಾಲ್‌ಬಾಗಿನಂಥ ಸರ್ಕಾರಿ ಉದ್ಯಾನ ಇವುಗಳಿಗೆ ಚಾರ್ಜಿಂಗ್ ಕೋಣೆ ಇದೆ, ದುಡ್ಡಿದೆ, ವಿಶಾಲವಾದ ಹುಲ್ಲಿದೆ. ಟೆಂಡರಿನಲ್ಲಿ ಒಂದು ವಾಕ್ಯ ಸೇರಿಸಿದರೆ ಸಾಕು. ಅಪಾರ್ಟ್‌ಮೆಂಟುಗಳು ಯಂತ್ರ ಮತ್ತು ಬ್ಯಾಟರಿಯನ್ನು ಲಿಫ್ಟು, ಜನರೇಟರಿನ ಹಾಗೆ ತಮ್ಮ ಆಸ್ತಿಯಾಗಿ ಕೊಂಡು ಇಟ್ಟುಕೊಳ್ಳಬೇಕು. ಮಾಲಿ ಬರಿಗೈಯಲ್ಲಿ ಬಂದು ಕೆಲಸ ಮಾಡಿ ಹೋಗುವಂತಿರಬೇಕು. ಅಕ್ಕಪಕ್ಕದ ನಾಲ್ಕು ಸಂಘಗಳು ಸೇರಿ ಒಂದೇ ಸೆಟ್ ಕೊಂಡರೆ ತಲಾ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ.

ತೋಟದ ಗುತ್ತಿಗೆ ನಿಮ್ಮಲ್ಲೂ ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಈ ಸಲದ ಸಭೆಗೆ ಹೋಗಿ. ಬ್ಯಾಟರಿ ಯಂತ್ರ ಸಂಘದ ಖರ್ಚಿನಲ್ಲಿ ಬರಬೇಕೆಂದೂ, ಚಾರ್ಜ್ ಮಾಡಲು ನೆರಳಿನಲ್ಲಿ ಒಂದು ಪ್ಲಗ್ ಪಾಯಿಂಟ್ ಇರಬೇಕೆಂದೂ, ಅಲಗು ಮುಟ್ಟುವ ಮೊದಲು ಬ್ಯಾಟರಿ ಕಳಚುವ ತರಬೇತಿ ಕೊಡಬೇಕೆಂದೂ, ಹಳೆಯ ಬ್ಯಾಟರಿಯನ್ನು ಮಾರಿದವರೇ ವಾಪಸು ಒಯ್ಯಬೇಕೆಂದೂ ಕರಾರಿನಲ್ಲಿ ಬರೆಸಿ. ಪೆಟ್ರೋಲ್ ಉಳಿಯಿತೆಂದು ಕೂಲಿ ಕಡಿಮೆ ಮಾಡುವಂತಿಲ್ಲ ಎಂಬ ಸಾಲೂ ಇರಲಿ. ಇದನ್ನೆಲ್ಲ ಬರೆಸುವ ಮುನ್ನ ನಿಮ್ಮ ತೋಟದಲ್ಲಿ ಯಂತ್ರ ಹಿಡಿಯುವವರನ್ನು ಸಭೆಗೆ ಕರೆದು, ಕುರ್ಚಿ ಕೊಟ್ಟು, ಅವರಿಗೆ ಏನು ಬೇಕೆಂದು ಕೇಳಿ.